ಬೈಪೋಲಾರ್ ಇರೋ ತಮ್ಮ ಪಾಲುಪಟ್ಟಿಗೆ ಸೈನ್ ಹಾಕಬಹುದಾ?

ಮೇಡಂ, ಬೈಪೋಲಾರ್‌ಗೆ (ಮನಸ್ಸು ಒಮ್ಮೆ ಅತಿ ಉತ್ಸಾಹಕ್ಕೆ, ಒಮ್ಮೆ ಅತಿ ಬೇಸರಕ್ಕೆ ಹೋಗೋ ಕಾಯಿಲೆ) ಮಾತ್ರೆ ತಗೋತಿರೋ ನಿಮ್ಮ ತಮ್ಮನ ಸೈನ್ ಪಾಲುಪಟ್ಟೀಲಿ ನಡೆಯಲ್ಲ ಅಂತ ದೊಡ್ಡಪ್ಪನ ಮಗ ಹೇಳಿದ್ದು ತಪ್ಪು. ಕಾಯಿಲೆ ಇದೆ ಅನ್ನೋದೊಂದೇ ಕಾರಣಕ್ಕೆ ಯಾರ ಸೈನೂ ಬಿದ್ದೋಗಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ 3ನೇ ಸೆಕ್ಷನ್‌ನಲ್ಲೇ ಇದೆ, ಕೋರ್ಟ್ ಹಾಗಂತ ಘೋಷಿಸದೆ ಬರೀ ಕಾಯಿಲೆ ನೋಡಿ ಬುದ್ಧಿ ಸ್ಥಿಮಿತ ಇಲ್ಲ ಅನ್ನೋ ಹಾಗಿಲ್ಲ ಅಂತ.

1872ರ ಕಾಂಟ್ರಾಕ್ಟ್ ಆಕ್ಟ್ 12ನೇ ಸೆಕ್ಷನ್ ಕೇಳೋದು ಇಷ್ಟೇ, ಸೈನ್ ಹಾಕೋ ಹೊತ್ತಲ್ಲಿ ವಿಷಯ ಅರ್ಥ ಆಗಿತ್ತಾ, ತನ್ನ ಲಾಭ ನಷ್ಟ ಯೋಚನೆ ಮಾಡೋ ಸ್ಥಿತೀಲಿ ಇದ್ರಾ ಅಂತ. ಹೋದ್ಸಲ ಅಡ್ಮಿಟ್ ಆಗಿದ್ರೂ ಇವತ್ತು ಚೆನ್ನಾಗಿದ್ರೆ ಸಾಕು. ತಮಾಷೆ ಅಂದ್ರೆ ಜ್ವರ ನೆತ್ತಿಗೇರಿ ಬಡಬಡಿಸೋರು, ಕಂಠಪೂರ್ತಿ ಕುಡಿದೋರು ಆ ಹೊತ್ತಲ್ಲಿ ಕರಾರು ಮಾಡೋಕಾಗಲ್ಲ ಅಂತಾನೂ ಅದೇ ಸೆಕ್ಷನ್‌ನ ಉದಾಹರಣೇಲಿದೆ, ಅವರಿಗೆ ಯಾವ ಕಾಯಿಲೆನೂ ಇರಬೇಕಿಲ್ಲ!

ಆದ್ರೆ ನಿದ್ದೆಗೆಟ್ಟು, ಸಿಕ್ಕೋರಿಗೆಲ್ಲ ಸೈಟ್ ಬರ್ಕೊಡ್ತೀನಿ ಅಂತ ಓಡಾಡೋ ಟೈಮಲ್ಲಿ ಮಾತ್ರ ಸೈನ್ ಬೇಡ. ಮನಸ್ಸು ತಿಳಿಯಾಗಿದ್ದಾಗ, ರಿಜಿಸ್ಟ್ರೇಷನ್‌ಗೆ ಒಂದೆರಡು ದಿನ ಮುಂಚೆ ಅವರನ್ನ ನೋಡ್ತಿರೋ ಸೈಕಿಯಾಟ್ರಿಸ್ಟ್ ಹತ್ರ, ವಿಷಯ ಅರ್ಥ ಮಾಡ್ಕೊಂಡು ತೀರ್ಮಾನ ಮಾಡೋ ಸ್ಥಿತೀಲಿ ಇದ್ದಾರೆ ಅಂತ ಸರ್ಟಿಫಿಕೇಟ್ ತಗೊಳ್ಳಿ, ಪತ್ರ ಪೂರ್ತಿ ಕನ್ನಡದಲ್ಲಿ ಓದಿ ಹೇಳಿ, ಯಾವ ಸರ್ವೆ ನಂಬರ್ ಯಾರಿಗೆ ಅಂತ ಅವರ ಬಾಯಲ್ಲೇ ಹೇಳಿಸಿ ವಿಡಿಯೋ ಇಟ್ಕೊಳ್ಳಿ. ಸೈನ್ ಹಾಕೋಕೆ ಬಂದೋರಿಗೆ ಬುದ್ಧಿ ಸ್ಥಿಮಿತ ಇಲ್ಲ ಅಂತ ಸಬ್ ರಿಜಿಸ್ಟ್ರಾರ್‌ಗೆ ಅನ್ಸಿದ್ರೆ ರಿಜಿಸ್ಟರ್ ಮಾಡೋ ಹಾಗಿಲ್ಲ, ಆಗ ಈ ಸರ್ಟಿಫಿಕೇಟ್ ತೋರಿಸಬಹುದು.

ಮತ್ತೆ, ನೀವು ತಮ್ಮನ ನಾಮಿನೇಟೆಡ್ ರೆಪ್ರೆಸೆಂಟೇಟಿವ್ (ಅದೇ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ನೇಮಕ ಆಗೋ ಪ್ರತಿನಿಧಿ) ಅಂದ್ರಲ್ಲ, ಅದು ಟ್ರೀಟ್‌ಮೆಂಟ್ ವಿಷಯಕ್ಕಷ್ಟೇ, ಆಸ್ತಿ ಪತ್ರಕ್ಕೆ ಅವರ ಬದಲು ನೀವು ಸೈನ್ ಹಾಕೋಕಾಗಲ್ಲ.