ಮಾತ್ರೆಗೆ ಇಳಿದರೆ ವಂಶದ್ದಲ್ಲವೇ?

ಗುರುತಿನ ವಿವರಗಳನ್ನು ಬದಲಿಸಿದ್ದೇನೆ. ಮೂವತ್ತೆಂಟರ ಮಹಿಳೆ, ತೆಳ್ಳಗಿನ ಮೈಕಟ್ಟು. ಅಣ್ಣನಿಗೆ 41ಕ್ಕೇ ಹೃದಯಾಘಾತವಾದ ಮೇಲೆ ಪರೀಕ್ಷೆ ಮಾಡಿಸಿದಾಗ ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ 262 ಇತ್ತು, ರಕ್ತದ ಇನ್ನೊಂದು ಕೊಬ್ಬಾದ ಟ್ರೈಗ್ಲಿಸರೈಡ್ ಸಹಜ. ಥೈರಾಯ್ಡ್, ಮೂತ್ರಪಿಂಡ, ಯಕೃತ್ತು ಸರಿ ಇವೆಯೆಂದು ನೋಡಿಕೊಂಡೇ ವೈದ್ಯರು ಇದು ವಂಶದಿಂದ ಬಂದ ಅಧಿಕ ಕೊಲೆಸ್ಟ್ರಾಲ್ ಎಂದು ಹೇಳಿ, ಅದನ್ನು ಇಳಿಸುವ ಸ್ಟಾಟಿನ್ ಗುಂಪಿನ ಮಾತ್ರೆ ಅಟೊರ್ವಾಸ್ಟಾಟಿನ್ 40 ಮಿಲಿಗ್ರಾಂ ಕೊಟ್ಟರು. ಮೂರು ತಿಂಗಳಿಗೆ 128 ಬಂತು. ಇವರು ಮಾತ್ರೆ ಬಿಟ್ಟರು. ಒಂಬತ್ತು ವರ್ಷದ ಮಗಳ ಪರೀಕ್ಷೆಗೂ ಒಪ್ಪಲಿಲ್ಲ, ಆಗ ವೈದ್ಯರು ನನ್ನ ಬಳಿ ಆಪ್ತಸಲಹೆಗೆ ಕಳಿಸಿದರು.

ಎರಡನೇ ಭೇಟಿಯಲ್ಲಿ 128ರ ವರದಿಯನ್ನು ಮೇಜಿನ ಮೇಲೆ ಹರಡಿ ಕೇಳಿದರು: "ಮಾತ್ರೆಗೆ ಇಳೀತಲ್ಲ ಮೇಡಂ, ವಂಶದ್ದೇ ಆಗಿದ್ರೆ ಇಳೀತಿತ್ತಾ? ಮಗೂಗೆ ಯಾಕೆ ಸುಮ್ನೆ ಸೂಜಿ ಚುಚ್ಚಿಸೋದು?"

ಈ ಪ್ರಶ್ನೆ ಪದೇ ಪದೇ ಬರುತ್ತದೆ, ಕೇಳುವವರ ತರ್ಕದಲ್ಲಿ ಹುರುಳೂ ಇದೆ. ನಾನು ವಾದಕ್ಕಿಳಿಯದೆ ಆ 128ನ್ನು ಎರಡರಿಂದ ಗುಣಿಸಲು ಹೇಳಿದೆ. ವರದಿಯ ಅಂಚಿನಲ್ಲೇ 256 ಎಂದು ಬರೆದರು. ಪಕ್ಕದಲ್ಲಿ ಹಳೆಯ 262 ಇಟ್ಟೆ. ಈ ಪ್ರಮಾಣದ ಸ್ಟಾಟಿನ್ ಎಲ್‌ಡಿಎಲ್ಅನ್ನು ಹೆಚ್ಚುಕಡಿಮೆ ಅರ್ಧಕ್ಕೆ ತರುತ್ತದೆ. ಅಂದರೆ ಆ 128 ಮಾತ್ರೆಯದು, ಮೈಯದು ಇನ್ನೂ 262ರ ಆಸುಪಾಸೇ. ಇಳಿದದ್ದು ಏಕೆ ಎಂಬುದರಲ್ಲೇ ವಂಶದ ಉತ್ತರವಿದೆ: ಎಲ್‌ಡಿಎಲ್ಅನ್ನು ಹಿಡಿದು ಒಳಗೆಳೆಯುವ ಜೀವಕೋಶದ ಗ್ರಾಹಕಗಳಿಗೆ (ರಿಸೆಪ್ಟರ್) ಸಂಬಂಧಿಸಿದ ಜೀನಿನ ಎರಡು ಪ್ರತಿಗಳಲ್ಲಿ ಸಾಮಾನ್ಯವಾಗಿ ಒಂದು ಮಾತ್ರ ಕೆಟ್ಟಿರುತ್ತದೆ. ಸ್ಟಾಟಿನ್ ಒಳ್ಳೆಯ ಪ್ರತಿಯಿಂದಲೇ ಹೆಚ್ಚು ಗ್ರಾಹಕಗಳನ್ನು ಮಾಡಿಸುತ್ತದೆ. ಕೆಟ್ಟ ಪ್ರತಿ ಮಗುವಿಗೆ ಹೋಗುವ ಸಾಧ್ಯತೆ ಎರಡಕ್ಕೊಂದು.

ಅವರು ಬಹಳ ಹೊತ್ತು ಆ ಎರಡು ಸಂಖ್ಯೆಗಳನ್ನೇ ನೋಡುತ್ತಿದ್ದರು.

ಹೆದರಿಸಿ ಒಪ್ಪಿಸಿದಿರಿ ಎಂದು ಯಾರಾದರೂ ಹೇಳಬಹುದು. ಆದರೆ ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕೂರುವ ವರ್ಷಗಳು ಬಾಲ್ಯದಿಂದಲೇ ಲೆಕ್ಕಕ್ಕೆ ಸೇರುತ್ತವೆ. ಮುಚ್ಚಿಡುವುದರಲ್ಲಿ ಕರುಣೆ ಏನಿದೆ?

ಕೊಟ್ಟ ಸಲಹೆ ಹೀಗೆ. ವೈದ್ಯರನ್ನು ಕೇಳಿ ಮಾತ್ರೆ ಮತ್ತೆ ಶುರುಮಾಡಿ, ಆರರಿಂದ ಎಂಟು ವಾರಕ್ಕೆ ಪರೀಕ್ಷೆ ಮಾಡಿಸಿ. ಸಾಲದಿದ್ದರೆ ಸ್ಟಾಟಿನ್ ಇಮ್ಮಡಿ ಮಾಡುವುದರಿಂದ ಸಿಗುವುದು ಸುಮಾರು ಶೇ. 6ರಷ್ಟು ಇಳಿಕೆ ಮಾತ್ರ, ಕೊಲೆಸ್ಟ್ರಾಲ್ ಇಳಿಸುವ ಇನ್ನೊಂದು ಮಾತ್ರೆ ಎಜೆಟಿಮೈಬ್ 10 ಮಿಲಿಗ್ರಾಂ ಸೇರಿಸಿದರೆ ಸುಮಾರು ಶೇ. 20. ಮಾಂಸಖಂಡ ನೋವಾದರೆ ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ಹೇಳಿ. ಇನ್ನೊಂದು ಮಗು ಬೇಕೆಂದಿದ್ದರೆ ಮುಂಚೆಯೇ ತಿಳಿಸಿ. ಮಗಳ ಮೊದಲ ಪರೀಕ್ಷೆಗೆ ಉಪವಾಸ ಬೇಕಿಲ್ಲ. ಎಲ್‌ಡಿಎಲ್ ಎರಡು ಸಲವೂ 160 ದಾಟಿದರೆ ಮಕ್ಕಳ ತಜ್ಞರು ನೋಡಬೇಕು. ಔಷಧದ ಮಾತು ಎಂಟು–ಹತ್ತು ವರ್ಷದಿಂದಲೇ ಬರುತ್ತದೆ.

ಎದ್ದು ನಿಂತವರು, "ಅಣ್ಣನ ಮಕ್ಕಳಿಬ್ಬರಿಗೂ ಒಂದು ಪತ್ರ ಬರೆದುಕೊಡಿ" ಎಂದರು. ಅದರಲ್ಲಿ ಮೊದಲು ಬರೆದದ್ದು 262, ಮಾತ್ರೆಗೆ ಮುಂಚಿನ ಸಂಖ್ಯೆ. ಬರೀ 128 ಕಂಡ ಹೊಸ ವೈದ್ಯರಿಗೆ ಇದು ವಂಶದ್ದೆಂಬ ಸಂಶಯವೇ ಬರುವುದಿಲ್ಲ.