ಪವರ್ ಸ್ಟೀರಿಂಗ್ ಆಯಿಲ್ ಸೋರ್ತಾ ಇದೆ, ಗ್ಯಾರೇಜಲ್ಲಿ ರ್ಯಾಕ್ ಹೋಗಿದೆ ಅಂತಾರೆ, ನಿಜಾನಾ? ಮನೇಲೇ ನೋಡ್ಕೋಬಹುದಾ?

ನೀವು ಬರೆದಿರೋ ಪ್ರಕಾರ 2010ರ ಗಾಡಿ, ಮುಂದಿನ ಎಡಗಡೆ ಚಕ್ರದ ಹತ್ರ ಕೆಂಪು ಎಣ್ಣೆ ಹನಿ, ಸ್ಟೀರಿಂಗ್ ತಿರುಗಿಸಿದ್ರೆ ಗುಂಯ್ ಅಂತ ಸದ್ದು, ಗ್ಯಾರೇಜಿನವರು ಕೆಳಗೆ ಬಗ್ಗಿ ಒಂದ್ಸಲ ನೋಡಿ ರ್ಯಾಕ್ ಅಸೆಂಬ್ಲಿ (ಸ್ಟೀರಿಂಗ್ ತಿರುಗಿಸಿದ್ದನ್ನ ಮುಂದಿನ ಚಕ್ರಗಳಿಗೆ ಮುಟ್ಟಿಸೋ ಅಡ್ಡ ಭಾಗ) ಪೂರ್ತಿ ಬದಲಾಯಿಸ್ಬೇಕು ಅಂದ್ರು. ನಿಜ ಇರಬಹುದು, ಆದ್ರೆ ಬಗ್ಗಿ ನೋಡಿ ಹೇಳೋಕೆ ಆಗಲ್ಲ ಸರ್. ಮೊದ್ಲು ಗಾಡಿ ತೊಳೀರಿ. ತಮಾಷೆ ಅಲ್ಲ, ಇಡೀ ಉತ್ತರದಲ್ಲಿ ಮುಖ್ಯವಾದ ಮಾತು ಇದೇ.

ನಾನು ಮೆಕ್ಯಾನಿಕ್ ಅಲ್ಲ, ತುಮಕೂರಲ್ಲಿ ಮೇಷ್ಟ್ರು. ನನ್ನದೂ ಒಂದು ಹಳೇ ಸೆಡಾನ್ ಇದೆ, ಮೂರು ವರ್ಷದ ಹಿಂದೆ ಇದೇ ಕಥೆ ಆಯ್ತು. ಬೆಳಿಗ್ಗೆ ಎದ್ದು ನೋಡಿದ್ರೆ ಗೇಟ್ ಒಳಗೆ ಸಿಮೆಂಟ್ ನೆಲದ ಮೇಲೆ ಅಂಗೈ ಅಗಲ ಕೆಂಪು ಕಲೆ, ಹಿಂದಿನ ದಿನ ಬೇರೆ ಅಮಾವಾಸ್ಯೆ, ಪಕ್ಕದ ಮನೆ ಅಜ್ಜಿ ಯಾರೋ ಕುಂಕುಮದ ನೀರು ಚೆಲ್ಲಿ ಹೋಗಿದಾರೆ ದಾಟಬೇಡ ಕಣಪ್ಪ ಅಂತ ನನ್ನ ಅಲ್ಲೇ ನಿಲ್ಲಿಸಿಬಿಟ್ರು. ಬೆರಳಲ್ಲಿ ಮುಟ್ಟಿ ನೋಡಿದೆ, ಜಿಡ್ಡು. ಇಂಜಿನ್ ಆಯಿಲ್ ಆಗಿದ್ರೆ ಕಪ್ಪಗಿರುತ್ತೆ, ಕೂಲೆಂಟ್ ಆದ್ರೆ ನೀರು ನೀರಾಗಿ ಒಂಥರಾ ಸಿಹಿ ವಾಸನೆ ಬರುತ್ತೆ, ಎಸಿ ನೀರಿಗೆ ಬಣ್ಣನೇ ಇಲ್ಲ. ಕೆಂಪಗೆ ಜಿಡ್ಡಾಗಿದ್ರೆ ಪವರ್ ಸ್ಟೀರಿಂಗ್ ಎಣ್ಣೆ, ಗಾಡಿ ಆಟೋಮ್ಯಾಟಿಕ್ ಆಗಿದ್ರೆ ಗೇರ್‌ಬಾಕ್ಸ್ ಎಣ್ಣೆನೂ ಇರಬಹುದು, ಯಾಕಂದ್ರೆ ಬಹಳಷ್ಟು ಗಾಡೀಲಿ ಎರಡಕ್ಕೂ ಹಾಕೋದು ಒಂದೇ ಜಾತಿ ಎಟಿಎಫ್, ಅಂದ್ರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ. (ನಿಮ್ಮ ಗಾಡೀಲಿ ಸ್ಟೀರಿಂಗ್ ಎಣ್ಣೆ ಡಬ್ಬಿ ಇದೆ ಅಂತ ಬರೆದಿದೀರ, ಹಾಗಾಗಿ ಹೈಡ್ರಾಲಿಕ್ಕೇ, ಅಂದ್ರೆ ಎಣ್ಣೆ ಪ್ರೆಶರಲ್ಲಿ ಕೆಲಸ ಮಾಡೋದು. ಇದನ್ನ ಓದೋ ಬೇರೆಯವರಿಗೆ: ಈಗಿನ ಹೆಚ್ಚಿನ ಕಾರಲ್ಲಿ ಸ್ಟೀರಿಂಗಿಗೆ ಎಲೆಕ್ಟ್ರಿಕ್ ಮೋಟ್ರು, ಎಣ್ಣೆನೇ ಇರಲ್ಲ, ಡಬ್ಬಿ ಹುಡುಕ್ತಾ ಕೂರಬೇಡಿ.)

ನನಗೆ ಗ್ಯಾರೇಜಲ್ಲಿ ಮೊದ್ಲು ಪಂಪ್ (ಸ್ಟೀರಿಂಗ್ ಎಣ್ಣೆ ತಳ್ಳೋದು) ಸೀಲ್ ಹೋಗಿದೆ ಅಂದ್ರು, ಹಾಕಿಸಿದೆ, ನಾಲ್ಕೇ ದಿನಕ್ಕೆ ಮತ್ತೆ ಹನಿ. ಆಮೇಲೆ ರ್ಯಾಕ್ ಅಂದ್ರು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗಾಗಿತ್ತು ನನ್ನ ಗಾಡಿ ಕಥೆ. ಕೊನೆಗೆ ಬೇಸಿಗೆ ರಜೇಲಿ ನಾನೇ ಕೂತು ನೋಡಿದಾಗ ಸೋರ್ತಿದ್ದದ್ದು ಎಣ್ಣೆ ಡಬ್ಬಿ ಕೆಳಗಿನ ರಿಟರ್ನ್ ಹೋಸಿನ (ಎಣ್ಣೆ ಡಬ್ಬಿಗೆ ವಾಪಸ್ ಬರೋ ರಬ್ಬರ್ ಪೈಪು) ಬಾಯಲ್ಲಿ. ಅಲ್ಲಿಂದ ಎಣ್ಣೆ ಹೋಸಿನ ಮೈಮೇಲೆ ಹರಿದು, ಬ್ರಾಕೆಟ್ ಮೇಲೆ ಇಳಿದು, ರ್ಯಾಕ್ ಮೇಲೆ ಬಿದ್ದು, ರ್ಯಾಕ್ ತುದೀಲಿ ಹನಿಯಾಗಿ ಬೀಳ್ತಿತ್ತು. ಮಂಗಳೂರು ಹೆಂಚಿನ ಮನೇಲಿ ಇದ್ದವರಿಗೆ ಗೊತ್ತಿರುತ್ತೆ, ಮಳೆ ನೀರು ತೊಟ್ಟಿಕ್ಕೋ ಜಾಗ ಒಂದು, ಒಡೆದ ಹೆಂಚು ಇರೋದು ಇನ್ನೆಲ್ಲೋ.

ಅದಕ್ಕೇ ತೊಳೀರಿ ಅಂದಿದ್ದು. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಆಲ್ಟರ್ನೇಟರಿಗೆ (ಬ್ಯಾಟರಿ ಚಾರ್ಜ್ ಮಾಡೋ ಡೈನಮೋ) ಒಂದು ಪ್ಲಾಸ್ಟಿಕ್ ಕವರ್ ಕಟ್ಟಿ, ಹಳೇ ಬ್ರಷ್‌ಗೆ ಸ್ವಲ್ಪ ಡೀಸೆಲ್ ಹಚ್ಚಿ ಡಬ್ಬಿ, ಪಂಪ್, ಪೈಪುಗಳು, ರ್ಯಾಕ್ ಎಲ್ಲಾ ಉಜ್ಜಿ, ಆಮೇಲೆ ಶಾಂಪೂ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಡೀಸೆಲ್ ರಬ್ಬರಿಗೆ ಒಳ್ಳೇದಲ್ಲ, ಹಾಗೇ ಬಿಡಬೇಡಿ. ಒಣಗಿದ ಮೇಲೆ ಡಬ್ಬೀಲಿ ಗುರುತಿನವರೆಗೆ ಎಣ್ಣೆ ತುಂಬಿಸಿ, ಕೆಳಗೆ ಹಳೇ ಪೇಪರ್ ಹಾಸಿ, ಮನೆಯವರನ್ನ ಯಾರನ್ನಾದ್ರೂ ಸ್ಟೀರಿಂಗ್ ಮುಂದೆ ಕೂರಿಸಿ. ಗಾಡಿ ನ್ಯೂಟ್ರಲಲ್ಲಿ, ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಸ್ಟಾರ್ಟ್ ಮಾಡಿ, ನಿಧಾನಕ್ಕೆ ಈ ತುದಿಯಿಂದ ಆ ತುದಿಗೆ ತಿರುಗಿಸೋಕೆ ಹೇಳಿ. ತುದೀಲಿ ಐದು ಸೆಕೆಂಡಿಗಿಂತ ಜಾಸ್ತಿ ಒತ್ತಿ ಹಿಡಿಯೋದು ಬೇಡ, ಆಗ ಪಂಪಿನ ಪ್ರೆಶರ್ 1000 ಪಿಎಸ್ಐ ದಾಟುತ್ತೆ, ನಿಮ್ಮ ಟೈರಲ್ಲಿರೋ ಗಾಳಿ 30 ಚಿಲ್ಲರೆ, ಲೆಕ್ಕ ಹಾಕಿ. ಇದೇ ಕಾರಣಕ್ಕೆ ಇಂಜಿನ್ ಓಡ್ತಿರುವಾಗ ಎಲ್ಲಿ ಸೋರ್ತಿದೆ ಅಂತ ಕೈಯಲ್ಲಿ ತಡಕಬೇಡಿ, ಸೂಜಿ ಮೊನೆಯಷ್ಟು ತೂತಿಂದ ಬರೋ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತೆ, ಅದು ಆಪರೇಷನ್ನಿಗೇ ಕರ್ಕೊಂಡು ಹೋಗೋ ಗಾಯ. ಬೆಲ್ಟ್ ಮತ್ತೆ ಫ್ಯಾನ್ ಹತ್ರ ಲುಂಗಿ, ದುಪಟ್ಟಾ ಯಾವುದೂ ಸುಳಿಯಬಾರದು.

ದೂರದಿಂದ ಟಾರ್ಚ್ ಬಿಟ್ಟು ನೋಡಿ. ಇಂಜಿನ್ ಆಫ್ ಮಾಡಿದ ಮೇಲೆ ಬಿಳಿ ಟಿಶ್ಯೂ ತಗೊಂಡು ಮೇಲಿಂದ ಕೆಳಗೆ ಒಂದೊಂದೇ ಜಾಯಿಂಟಿಗೆ ಒತ್ತಿ. ಎಲ್ಲಕ್ಕಿಂತ ಮೇಲೆ ಎಲ್ಲಿ ಒದ್ದೆ ಇದೆಯೋ ಅದೇ ಜಾಗ, ಅದರ ಕೆಳಗಿನ ಒದ್ದೆ ಎಲ್ಲಾ ಬರೀ ಹರಿದು ಬಂದಿದ್ದು.

ಈಗ ಯಾವ ಜಾಗ ಆದ್ರೆ ಏನು ಅಂತ. ಡಬ್ಬಿ ಹತ್ರ ರಿಟರ್ನ್ ಹೋಸ್ ಆಗಿದ್ರೆ ನಿಮ್ಮ ಅದೃಷ್ಟ, ಅಲ್ಲಿ ಪ್ರೆಶರ್ ಕಮ್ಮಿ, ಸ್ಪ್ರಿಂಗ್ ಕ್ಲಿಪ್ ಸಡಿಲ ಆಗಿರುತ್ತೆ ಇಲ್ಲಾ ಹೋಸಿನ ತುದಿ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತೆ. ಹೋಸ್ ಉದ್ದ ಸಾಕಷ್ಟಿದ್ರೆ ಬಿರುಕಿನ ತುದಿ ಅರ್ಧ ಇಂಚು ಕತ್ತರಿಸಿ ಹಾಕಿ ಸ್ಕ್ರೂ ಕ್ಲಿಪ್ ಬಿಗಿ ಮಾಡಿದ್ರೆ ಮುಗೀತು. ಹೊಸ ಹೋಸ್ ಹಾಕೋದಾದ್ರೆ ಅಂಗಡೀಲಿ ಪವರ್ ಸ್ಟೀರಿಂಗ್ ರಿಟರ್ನ್ ಹೋಸ್ ಅಂತಾನೇ ಕೇಳಿ, ರೇಡಿಯೇಟರ್ ಹೋಸ್ ತುಂಡು ಕೊಟ್ರೆ ತಗೋಬೇಡಿ, ಅದರ ರಬ್ಬರ್ ನೀರಿಗೆ ಮಾಡಿದ್ದು, ಎಣ್ಣೆ ಕುಡಿದು ಊದ್ಕೊಂಡು ಒಂದಿನ ಕಿತ್ಕೊಂಡು ಬರುತ್ತೆ. ನನಗೆ ಹೋಸು, ಎರಡು ಕ್ಲಿಪ್ಪು, ಒಂದು ಲೀಟರ್ ಎಣ್ಣೆ ಎಲ್ಲಾ ಸೇರಿ ಸಾವಿರ ರೂಪಾಯಿ ಒಳಗೇ ಆಯ್ತು. ಪಂಪ್ ಸೀಲಿಗೆ ಅದಕ್ಕಿಂತ ಎಷ್ಟೋ ಜಾಸ್ತಿ ಸುಮ್ಮನೆ ಸುರಿದಿದ್ದೆ, ಹೇಳ್ಕೊಳ್ಳೋಕೆ ನಾಚಿಕೆ ಆಗುತ್ತೆ.

ಪಂಪಿಂದ ಹೊರಡೋ ದಪ್ಪ ಹೈ ಪ್ರೆಶರ್ ಹೋಸ್ ಬೇರೆ ವಿಷಯ. ಅದು ಸೋರೋದು ಸಾಮಾನ್ಯವಾಗಿ ಎರಡು ಕಡೆ. ಪಂಪಿಗೆ ಸೇರೋ ಬೋಲ್ಟಿನ ತಾಮ್ರದ ವಾಷರಲ್ಲಾದ್ರೆ ಹೊಸ ವಾಷರ್ ಹಾಕಿದ್ರೆ ಸಾಕು, ಹಳೇದನ್ನೇ ಮತ್ತೆ ಹಾಕಬೇಡಿ. ರಬ್ಬರು ಕಬ್ಬಿಣದ ಪೈಪಿಗೆ ಕೂಡೋ ಕ್ರಿಂಪ್ ಹತ್ರ ಆದ್ರೆ ಕ್ಲಿಪ್ಪು, ಎಂ-ಸೀಲು, ಟೇಪು ಯಾವುದೂ ನಿಲ್ಲಲ್ಲ, ಬಿಚ್ಚಿ ತಗೊಂಡು ಹೋಗಿ ಜೆಸಿಬಿ, ಟ್ರ್ಯಾಕ್ಟರ್‌ಗೆ ಹೈಡ್ರಾಲಿಕ್ ಹೋಸ್ ಮಾಡೋ ಅಂಗಡೀಲಿ ಕೊಟ್ರೆ ಹಳೇ ತುದಿಗಳನ್ನೇ ಇಟ್ಟು ಹೊಸ ಹೋಸ್ ಪ್ರೆಸ್ ಮಾಡಿ ಕೊಡ್ತಾರೆ. ಕಂಪನಿ ಹೋಸೇ ಬೇಕು ಅಂದ್ರೆ ಬೆಂಗಳೂರಿನ ಜೆಸಿ ರೋಡಲ್ಲಿ ಒಂದು ರೌಂಡ್ ಹಾಕಿ, ಹಳೇ ಹೋಸ್ ಕೈಯಲ್ಲಿರಲಿ. ಈ ಹೋಸ್ ಸೋರ್ತಿದ್ರೆ ಗಾಡಿ ಓಡಿಸಲೂ ಬೇಡಿ, ಬಿಸಿ ಸೈಲೆನ್ಸರ್ ಪೈಪ್ ಮೇಲೆ ಎಣ್ಣೆ ಸಿಡಿದ್ರೆ ಬೆಂಕಿ ಹತ್ತೋ ಚಾನ್ಸ್ ಇದೆ.

ಪಂಪ್ ಶಾಫ್ಟ್ ಸೀಲ್ ಹೋದ್ರೆ ಪುಲ್ಲಿ (ಬೆಲ್ಟ್ ಕೂರೋ ಗಾಲಿ) ಹಿಂದೆ ಒದ್ದೆ ಇರುತ್ತೆ, ಪುಲ್ಲಿ ತಿರುಗೋ ರಭಸಕ್ಕೆ ಎಣ್ಣೆ ಸುತ್ತಲೂ ಗೆರೆ ಎಳೆದ ಹಾಗೆ ಸಿಡಿದಿರುತ್ತೆ, ಬೆಲ್ಟೂ ನೆನೆದಿರುತ್ತೆ. ಪುಲ್ಲಿ ಕೀಳೋಕೆ ಪುಲ್ಲರ್ ಅನ್ನೋ ಟೂಲ್ ಬೇಕು, ಇಲ್ಲದಿದ್ರೆ ಕೈ ಹಾಕಬೇಡಿ.

ಇನ್ನು ರ್ಯಾಕು. ಎರಡೂ ತುದೀಲಿ ಮಡಿಕೆ ಮಡಿಕೆ ರಬ್ಬರ್ ಬೂಟ್ ಇರುತ್ತಲ್ಲ, ಅದರ ಹೊರಗಡೆ ಸಣ್ಣ ಕ್ಲಿಪ್ ಬಿಚ್ಚಿ ಬೂಟ್ ಹಿಂದೆ ಸರಿಸಿ. ಒಳಗೆ ಬರೀ ಗ್ರೀಸ್ ಇದ್ರೆ ರ್ಯಾಕ್ ಸೀಲ್ ಚೆನ್ನಾಗಿದೆ. ಎಣ್ಣೆ ಗಳಗಳ ಸುರಿದ್ರೆ ನಿಮ್ಮ ಗ್ಯಾರೇಜಿನವರು ಹೇಳಿದ್ದೇ ಸರಿ. ಆಗಲೂ ತಕ್ಷಣ ಹೊಸ ಅಸೆಂಬ್ಲಿ ಅನ್ಬೇಡಿ, ರ್ಯಾಕ್ ರಿಪೇರಿ ಮಾಡೋರ ಹತ್ರ ಸೀಲ್ ಕಿಟ್ ಹಾಕಿಸಬಹುದು, ಆದ್ರೆ ಬೂಟ್ ಹರಿದು ನೀರು ಮಣ್ಣು ಹೋಗಿ ಶಾಫ್ಟ್ ತುಕ್ಕು ಹಿಡಿದು ಗೀರು ಬಿದ್ದಿದ್ರೆ ಹೊಸ ಸೀಲನ್ನೂ ಆ ಗೀರೇ ತಿಂದುಹಾಕುತ್ತೆ. ಇದು ಮನೇಲಿ ಮಾಡೋ ಕೆಲಸ ಅಲ್ಲ, ಮುಗಿದ ಮೇಲೆ ವೀಲ್ ಅಲೈನ್‌ಮೆಂಟೂ ಮಾಡಿಸಲೇಬೇಕು.

ಲೀಕ್ ಸ್ಟಾಪ್ ಅಂತ ಬಾಟ್ಲಿ ಸಿಗುತ್ತೆ, ಅದು ಸೀಲಿನ ರಬ್ಬರನ್ನ ಮೆತ್ತಗೆ ಮಾಡಿ ಊದಿಸುತ್ತೆ, ಸೀಲ್ ಜಿನುಗ್ತಿದ್ರೆ ಸ್ವಲ್ಪ ದಿನ ತಡೆಯುತ್ತೆ, ಹೋಸ್ ಸೀಳಿದ್ರೆ ಅದರಿಂದ ಏನೂ ಆಗಲ್ಲ.

ಯಾವ ಎಣ್ಣೆ ಹಾಕೋದು ಅಂತ ಡಬ್ಬಿ ಮುಚ್ಚಳದ ಮೇಲೆ ಇಲ್ಲಾ ಮ್ಯಾನ್ಯುಯಲಲ್ಲಿ ಬರೆದಿರುತ್ತೆ. ಡೆಕ್ಸ್‌ರಾನ್ ಅಂತ ಇದ್ರೆ ಅದೇ ಕೆಂಪು ಎಟಿಎಫ್. ಹೋಂಡಾದವರದ್ದು ಅವರದ್ದೇ ಬೇರೆ ಎಣ್ಣೆ, ಕೆಲವು ಯೂರೋಪ್ ಗಾಡಿಗೆ ಹಸಿರು ಬಣ್ಣದ್ದು, ಅದಕ್ಕೆ ಕೆಂಪು ಬೆರೆಸಬಾರದು. ಅರ್ಜೆಂಟಿಗೆ ಅಂತ ಬ್ರೇಕ್ ಆಯಿಲ್ ಮಾತ್ರ ಯಾವ ಕಾರಣಕ್ಕೂ ಸುರೀಬೇಡಿ. ಹೈವೇ ಪಕ್ಕದ ಅಂಗಡೀಲಿ ಅದೇ ಸುಲಭವಾಗಿ ಸಿಗೋದ್ರಿಂದ ಬಹಳ ಜನ ಇದೇ ತಪ್ಪು ಮಾಡ್ತಾರೆ, ಅದು ಗ್ಲೈಕಾಲ್, ಇದು ಎಣ್ಣೆ, ಒಂದು ಹೋಸಿನ ರಿಪೇರಿ ಹೋಗಿ ಪಂಪು ರ್ಯಾಕು ಎರಡರ ಸೀಲೂ ಹಾಳಾಗುತ್ತೆ.

ಹೋಸ್ ಬಿಚ್ಚಿದ ಮೇಲೆ ಒಳಗೆ ಗಾಳಿ ಸೇರಿರುತ್ತೆ, ಅದನ್ನ ತೆಗೀಬೇಕು. ನೀವು ಹೇಳೋ ಗುಂಯ್ ಸದ್ದೂ ಎಣ್ಣೆ ಕಮ್ಮಿಯಾಗಿ ಪಂಪ್ ಗಾಳಿ ಎಳೀತಿರೋದೇ ಇರಬೇಕು. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಮುಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬರೀ ಜಾಕಿ ನಂಬಿ ಕೆಳಗೆ ತೂರಬೇಡಿ, ಹಾಲೋ ಬ್ಲಾಕ್ ಇಡಲೂ ಬೇಡಿ, ಅದು ಹೇಳದೇ ಕೇಳದೇ ಪುಡಿಯಾಗುತ್ತೆ. ಡಬ್ಬಿ ತುಂಬಿಸಿ, ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ತಿರುಗಿಸಿ ಸ್ಟೀರಿಂಗ್ ಲಾಕ್ ಬಿಡಿಸಿ, ನಿಧಾನಕ್ಕೆ ಆ ಕಡೆ ಈ ಕಡೆ ಇಪ್ಪತ್ತು ಸಲ ತಿರುಗಿಸಿ, ಮಧ್ಯೆ ಮಧ್ಯೆ ಎಣ್ಣೆ ಇಳಿದ ಹಾಗೆ ಸುರೀತಾ ಇರಿ. ಡಬ್ಬೀಲಿ ಗುಳ್ಳೆ ಬರೋದು ನಿಂತ ಮೇಲೆ ಇಂಜಿನ್ ಸ್ಟಾರ್ಟ್ ಮಾಡಿ ಇನ್ನೊಂದು ನಾಲ್ಕೈದು ಸಲ. ಎಣ್ಣೆ ಸ್ಟ್ರಾಬೆರಿ ಮಿಲ್ಕ್‌ಶೇಕ್ ಥರ ನೊರೆ ನೊರೆಯಾದ್ರೆ ಗಾಬರಿ ಬೇಡ, ಆಫ್ ಮಾಡಿ ಅರ್ಧ ಗಂಟೆ ಬಿಟ್ಟು ಕಾಫಿ ಕುಡ್ಕೊಂಡು ಬನ್ನಿ, ನೊರೆ ಇಳಿದ ಮೇಲೆ ಮತ್ತೆ ಮಾಡಿ. ನಾನು ಅವಸರ ಪಟ್ಟು ಒಂದೇ ಸಲಕ್ಕೆ ಮುಗಿಸೋಕೆ ಹೋಗಿ ಎರಡು ದಿನ ಆ ಸದ್ದು ಕೇಳ್ಕೊಂಡೇ ಸ್ಕೂಲಿಗೆ ಹೋಗಿದ್ದೆ.

ಎಲ್ಲಾ ಆದ ಮೇಲೂ ಹೊರಗೆ ಎಲ್ಲೂ ಒದ್ದೆ ಇಲ್ಲ ಆದ್ರೂ ನೊರೆ ನಿಲ್ತಿಲ್ಲ ಅಂದ್ರೆ ಡಬ್ಬಿಯಿಂದ ಪಂಪಿಗೆ ಬರೋ ಹೋಸಿನ ಕ್ಲಿಪ್ಪು, ಅಲ್ಲಿರೋ ಓ-ರಿಂಗ್ (ಸಣ್ಣ ರಬ್ಬರ್ ಉಂಗುರ) ನೋಡಿ, ಆ ಜಾಗ ಎಣ್ಣೆ ಹೊರಗೆ ಬಿಡಲ್ಲ, ಗಾಳಿ ಒಳಗೆ ಎಳ್ಕೊಳ್ಳುತ್ತೆ.

ಸದ್ಯಕ್ಕೆ ಇವತ್ತು ಸಂಜೆ ತೊಳೆದು ರಾತ್ರಿ ಕೆಳಗೆ ಪೇಪರ್ ಹಾಸಿ, ಬೆಳಿಗ್ಗೆ ಟಿಶ್ಯೂ ಒತ್ತಿ ನೋಡಿ, ಎಲ್ಲಕ್ಕಿಂತ ಮೇಲೆ ಒದ್ದೆ ಇದ್ದ ಜಾಗದ ಫೋಟೋ ಇಲ್ಲೇ ಹಾಕಿ, ನೋಡಿ ಹೇಳ್ತೀನಿ.