ರಾಳದ ಪಕ್ಕದಲ್ಲಿದ್ದ ಇನ್ಹೇಲರ್

ಪಿಟೀಲಿನ ಪೆಟ್ಟಿಗೆಯನ್ನು ಅವಳು ಬಾಗಿಲ ಹೊರಗೇ ಗೋಡೆಗೆ ಒರಗಿಸಿ ಬಂದಿದ್ದಳು. ಕಲಾಶಾಲೆಯಲ್ಲಿ ಕೆಲವು ವರ್ಷ ಆಪ್ತಸಲಹೆ ಮಾಡಿದವರಿಗೆ ಇಂಥದ್ದು ತಟ್ಟನೆ ಕಣ್ಣಿಗೆ ಬೀಳುತ್ತದೆ. ಸಂಗೀತದ ವಿದ್ಯಾರ್ಥಿಗಳು ವಾದ್ಯವನ್ನು ಎಲ್ಲೆಂದರಲ್ಲಿ ಬಿಟ್ಟು ಬರುವವರಲ್ಲ. ಕುಳಿತಾಗ ಅದು ಕಾಲಿಗೆ ತಾಗುತ್ತಿರಬೇಕು, ನಿಂತಾಗ ಹೆಗಲ ಮೇಲಿರಬೇಕು. ಹೊರಗಿಟ್ಟು ಬಂದಿದ್ದಾಳೆ ಎಂದರೆ ಇಬ್ಬರ ನಡುವೆ ಏನೋ ಕೆಟ್ಟಿದೆ ಎಂದುಕೊಂಡೆ. ಆ ಊಹೆ ಅರ್ಧ ಸರಿಯಾಗಿತ್ತು.

ಅವಳನ್ನು ಇಲ್ಲಿ ನಿಶಾ ಎನ್ನುತ್ತೇನೆ. ಅದು ಅವಳ ಹೆಸರಲ್ಲ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ, ಬರೆದುದನ್ನು ಅವಳಿಗೆ ಓದಿಸಿ ಒಪ್ಪಿಗೆ ಪಡೆದಿದ್ದೇನೆ. ಮೂರನೆಯ ವರ್ಷದ ವಿದ್ಯಾರ್ಥಿನಿ, ವಯಸ್ಸು ಇಪ್ಪತ್ತು.

“ಕೈ ನಡುಗುತ್ತದೆ ಮೇಡಂ. ಬಲಗೈ ಮಾತ್ರ. ವೇದಿಕೆಯ ಮೇಲೆ ಮಾತ್ರ.”

ವೇಗದ ಭಾಗ ನುಡಿಸುವಾಗ ಅಷ್ಟು ತೊಂದರೆಯಿಲ್ಲವಂತೆ. ಕಮಾನು ಸರಸರನೆ ಓಡುವಾಗ ನಡುಕ ಆ ಓಟದಲ್ಲೇ ಮುಚ್ಚಿಹೋಗುತ್ತದೆ. ಪೇಚು ಇರುವುದು ನಿಧಾನದ ಉದ್ದ ಸ್ವರದಲ್ಲಿ. ಪಿಟೀಲಿನ ಕಮಾನಿನ ತೂಕ ಸುಮಾರು 60 ಗ್ರಾಂ, ಉದ್ದ ಮುಕ್ಕಾಲು ಮೀಟರ್. ಅದನ್ನು ಹಿಡಿಯುವುದು ಒಂದು ತುದಿಯಲ್ಲಿ. ಬೆರಳಲ್ಲಿ ಕೂದಲೆಳೆಯಷ್ಟು ಅದುರಿದರೂ ಇನ್ನೊಂದು ತುದಿಯಲ್ಲಿ ಅದು ಕುಣಿತವಾಗುತ್ತದೆ, ತಂತಿಯ ಮೇಲೆ ಕಮಾನು ಪುಟಿಯುತ್ತದೆ, ಒಂದೇ ಎಳೆಯಾಗಿ ಬರಬೇಕಾದ ನಾದ ಚೂರುಚೂರಾಗಿ ಬರುತ್ತದೆ. ಸಭಾಂಗಣದ ಕೊನೆಯ ಸಾಲಿನವರಿಗೂ ಅದು ಕಾಣುತ್ತದೆ, ಕೇಳುತ್ತದೆ. ನರ್ತಕಿಯ ಮೊಣಕಾಲು ನಡುಗಿದರೆ ಉಡುಪು ಮರೆಮಾಡೀತು. ಪಿಟೀಲಿನವರಿಗೆ ಆ ಮರೆ ಇಲ್ಲ.

ನಿಶಾಳ ದುರದೃಷ್ಟಕ್ಕೆ ಆ ಅವಧಿಯ ಪರೀಕ್ಷೆಗೆ ಗೊತ್ತಾಗಿದ್ದ ಕೃತಿ ನಿಧಾನ, ವೇಗ, ನಿಧಾನ, ವೇಗ ಎಂಬ ಕ್ರಮದ ಹಳೆಯ ಕಾಲದ ಸೊನಾಟಾ. ಅಂದರೆ ವೇದಿಕೆಗೆ ಬಂದು ನಿಂತು ಮಾಡಬೇಕಾದ ಮೊದಲ ಕೆಲಸವೇ ಉದ್ದ ಸ್ವರ. ವಾರದ ವಿದ್ಯಾರ್ಥಿ ಪ್ರದರ್ಶನದಲ್ಲಿ ಎರಡು ಸಲ ಅದನ್ನು ನುಡಿಸಿ ಎರಡು ಸಲವೂ ಕೆಟ್ಟಿತ್ತು. ಗುರುಗಳು “ಅಭ್ಯಾಸ ಸಾಲದು” ಎಂದರು. ದಿನಕ್ಕೆ ನಾಲ್ಕು ಗಂಟೆಯಿದ್ದ ಅಭ್ಯಾಸ ಆರು ಗಂಟೆಯಾಯಿತು. ನಡುಕ ಹಾಗೆಯೇ ಉಳಿದು, ಅದರ ಜೊತೆಗೆ ಹೆಗಲು ನೋವು ಸೇರಿಕೊಂಡಿತು.

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಮೊದಲ ಭೇಟಿಯಲ್ಲಿ ನಾನು ಇದನ್ನು ಸಾಮಾನ್ಯ ವೇದಿಕೆಯ ಭಯ ಎಂದು ಬಗೆದು, ದೀರ್ಘವಾಗಿ ಉಸಿರೆಳೆದುಕೊಳ್ಳುವುದನ್ನು ಹೇಳಿಕೊಟ್ಟು ಕಳುಹಿಸಿದೆ. ಮುಂದಿನ ವಾರ ಬಂದವಳು, “ಇನ್ನೂ ಹೆಚ್ಚಾಯಿತು ಮೇಡಂ. ತಲೆ ಸುತ್ತಿತು. ಬೆರಳ ತುದಿಗಳು ಜುಮ್ಮೆಂದವು” ಎಂದಳು. ಹೆದರಿದವರು ಮೊದಲೇ ಹೆಚ್ಚು ಉಸಿರಾಡುತ್ತಿರುತ್ತಾರೆ. ಅಂಥವರಿಗೆ “ಇನ್ನೂ ಜೋರಾಗಿ ಎಳೆದುಕೋ” ಎಂದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತಷ್ಟು ಇಳಿದು ಇದೇ ತಲೆಸುತ್ತು, ಇದೇ ಜುಮ್ಮು. ಹೇಳಿಕೊಡಬೇಕಾದದ್ದು ಉಸಿರು ಬಿಡುವುದನ್ನು, ಎಳೆಯುವುದನ್ನಲ್ಲ. ನನಗೆ ಗೊತ್ತಿದ್ದದ್ದೇ. ಆದರೂ ಮಾಡಿದೆ. ಸಿದ್ಧ ಉತ್ತರ ಕೈಯಲ್ಲಿದ್ದರೆ ಪ್ರಶ್ನೆ ಕೇಳುವ ತಾಳ್ಮೆ ಇರುವುದಿಲ್ಲ.

ಅದೇ ಭೇಟಿಯಲ್ಲಿ ಅವಳು ಎದ್ದು ಹೊರಡುವಾಗ, ನಗುತ್ತಲೇ, “ಈ ಕೈ ಮುರಿದುಬಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ” ಎಂದಳು. ಇಂಥ ಮಾತನ್ನು ನಗುವಿನೊಡನೆ ಹೊರಗೆ ಹೋಗಲು ಬಿಡುವಂತಿಲ್ಲ. ಮತ್ತೆ ಕೂರಿಸಿ ನೇರವಾಗಿಯೇ ಕೇಳಿದೆ: ಕೈಗೆ ನೀನೇ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದಿದೆಯೇ? ಬದುಕುವುದೇ ಬೇಡ ಅನ್ನಿಸಿದೆಯೇ? ಇಲ್ಲ ಎಂದಳು, ಕಣ್ಣು ತಪ್ಪಿಸದೆ. ಅವಳಿಗೆ ಬೇಕಾಗಿದ್ದದ್ದು ಗೌರವದಿಂದ ರಜೆ ತೆಗೆದುಕೊಳ್ಳಲು ಒಂದು ಕಾರಣ. ಕೈ ಮುರಿದವರನ್ನು ಯಾರೂ “ಅಭ್ಯಾಸ ಸಾಲದು” ಎನ್ನುವುದಿಲ್ಲ.

ಆಗ ಅವಳಿಗೆ ಪಾಬ್ಲೋ ಕಸಾಲ್ಸ್ ಅವರ ಕಥೆ ಹೇಳಿದೆ. 1901ರಲ್ಲಿ, ಅಮೆರಿಕದ ಮೊದಲ ಪ್ರವಾಸದಲ್ಲಿ, ಆ ಚೆಲ್ಲೋ ವಾದಕರು ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಬೆಟ್ಟವೊಂದಕ್ಕೆ ಹೋಗಿದ್ದಾಗ ಉರುಳಿ ಬಂದ ಬಂಡೆ ಎಡಗೈ ಬೆರಳುಗಳನ್ನು ಜಜ್ಜಿತು. ಜಜ್ಜಿದ ಕೈ ನೋಡಿದಾಗ ಅವರ ಮನಸ್ಸಿಗೆ ಮೊದಲು ಬಂದದ್ದು, ಸದ್ಯ, ಇನ್ನು ಚೆಲ್ಲೋ ನುಡಿಸಬೇಕಾಗಿಲ್ಲ ಎಂಬ ನಿರಾಳ. ಹಾಗೆಂದು ಅವರೇ ಹೇಳಿಕೊಂಡಿದ್ದಾರೆ. ವೇದಿಕೆಯ ಭಯ ಅವರನ್ನು ಜೀವನಪೂರ್ತಿ ಬಿಡಲಿಲ್ಲ. ಅವರೂ ವೇದಿಕೆಯನ್ನು ಬಿಡಲಿಲ್ಲ. 1961ರಲ್ಲಿ ಶ್ವೇತಭವನದಲ್ಲಿ ನುಡಿಸಿದಾಗ ಅವರಿಗೆ 84 ವರ್ಷ. ನಿಶಾ ಬಂಡೆಯ ಮಾತು ಬಂದಾಗ ಮಾತ್ರ ತಲೆಯೆತ್ತಿದಳು. ಉಳಿದ ಭಾಗ ಅವಳಿಗೆ ಬೇಕಾಗಿರಲಿಲ್ಲ.

ಮೂರನೆಯ ಭೇಟಿಗೆ ಪಿಟೀಲನ್ನು ಒಳಗೆ ತರಲು ಹೇಳಿದೆ. ನುಡಿಸಲು ಅಲ್ಲ. “ಪ್ರದರ್ಶನದ ದಿನ ಪೆಟ್ಟಿಗೆ ತೆರೆದಲ್ಲಿಂದ ವೇದಿಕೆ ಹತ್ತುವವರೆಗೆ ಏನೇನು ಮಾಡುತ್ತೀಯೋ ಅದನ್ನೆಲ್ಲ ಇಲ್ಲೇ ಮಾಡಿ ತೋರಿಸು.” ಪೆಟ್ಟಿಗೆ ತೆರೆದಳು. ಬಿಡಿ ತಂತಿಗಳ ಲಕೋಟೆ, ಮೆತ್ತನೆಯ ಬಟ್ಟೆ, ಕಮಾನಿಗೆ ಉಜ್ಜುವ ರಾಳದ ಡಬ್ಬಿ. ಡಬ್ಬಿಯ ಪಕ್ಕದ ಗುಳಿಯಲ್ಲಿ ಒಂದು ನೀಲಿ ಇನ್ಹೇಲರ್. ಅದರಡಿಯಲ್ಲಿ ಮಡಚಿಟ್ಟ ಮಾತ್ರೆಯ ಪಟ್ಟಿ, ಎರಡು ಗುಳಿಗಳು ಖಾಲಿ.

ಅವಳು ರಾಳ ಉಜ್ಜಿದಳು, ಶ್ರುತಿ ಮಾಡಿದಳು, ಯಾಂತ್ರಿಕವಾಗಿ ಇನ್ಹೇಲರ್ ಕೈಗೆತ್ತಿಕೊಂಡು, “ಇದನ್ನು ಎರಡು ಸಲ, ಇಲ್ಲದಿದ್ದರೆ ನಾಲ್ಕು ಸಲ. ಪರದೆಯ ಪಕ್ಕ ನಿಂತಾಗ ಎದೆ ಹಿಡಿಯುತ್ತದೆ” ಎಂದಳು. ಚಿಕ್ಕಂದಿನಿಂದ ಆಸ್ತಮಾ ಇದೆ. ದಿನವೂ ತೆಗೆದುಕೊಳ್ಳಬೇಕಾದ ಇನ್ನೊಂದು ಇನ್ಹೇಲರ್ ಇದೆ, ಅದನ್ನು ಬಿಟ್ಟು ತಿಂಗಳುಗಳಾಗಿವೆ. ಮಾತ್ರೆ? “ಅದು ನಡುಕಕ್ಕೆ. ಸ್ನೇಹಿತರೊಬ್ಬರು ಕೊಟ್ಟರು. ಎಲ್ಲರೂ ತೆಗೆದುಕೊಳ್ಳುತ್ತಾರಂತೆ.” ಪಟ್ಟಿಯ ಮೇಲೆ ಪ್ರೊಪ್ರನಲಾಲ್ ಎಂದಿತ್ತು.

ನಾನು ವೈದ್ಯೆಯಲ್ಲ. ಆದರೆ ಆಸ್ತಮಾ ಇದ್ದವರು ಈ ಮಾತ್ರೆಯನ್ನು ಮುಟ್ಟಬಾರದು ಎಂಬಷ್ಟು ಗೊತ್ತಿತ್ತು. ಮಾತು ಅಲ್ಲಿಗೇ ನಿಲ್ಲಿಸಿ, ಇನ್ನೊಂದು ಮಾತ್ರೆಯನ್ನೂ ನುಂಗುವುದಿಲ್ಲ ಎಂದು ಮಾತು ಪಡೆದು, ಅವಳ ಒಪ್ಪಿಗೆಯಿಂದ ಶ್ವಾಸಕೋಶದ ವೈದ್ಯರಿಗೆ ಪತ್ರ ಬರೆದುಕೊಟ್ಟು ಅಂದೇ ಸಂಜೆ ಕಳುಹಿಸಿದೆ. ಯಾರು ಕೊಟ್ಟರು ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳೋ ಏನೋ, ಆಮೇಲೆ ಇಬ್ಬರೂ ಈ ಬಾಗಿಲ ಕಡೆ ತಲೆ ಹಾಕುತ್ತಿರಲಿಲ್ಲ.

“ಎಲ್ಲರೂ” ಎಂಬುದು ಉತ್ಪ್ರೇಕ್ಷೆ, ಆದರೆ ಬರಿಯ ಸುಳ್ಳಲ್ಲ. 1980ರ ದಶಕದಲ್ಲಿ ಅಮೆರಿಕದ ದೊಡ್ಡ ವಾದ್ಯವೃಂದಗಳ 2,212 ಕಲಾವಿದರು ಉತ್ತರಿಸಿದ ಸಮೀಕ್ಷೆಯಲ್ಲಿ ಶೇ. 27 ಮಂದಿ ಈ ಬಗೆಯ ಬೀಟಾ ತಡೆ ಔಷಧಿಗಳನ್ನು ಬಳಸುವುದಾಗಿ ಹೇಳಿದ್ದರು, ಅವರಲ್ಲಿ ಬಹುಪಾಲು ಜನ ವೈದ್ಯರ ಚೀಟಿ ಇಲ್ಲದೆ. ಹೃದ್ರೋಗಿಗಳಿಗೆಂದು ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ರೂಪಿಸಿದ, ಅವರಿಗೆ 1988ರ ನೊಬೆಲ್ ತಂದುಕೊಟ್ಟ ಸಾಧನೆಗಳಲ್ಲಿ ಒಂದಾದ ಮಾತ್ರೆ ಹೀಗೆ ಪಿಟೀಲಿನ ಪೆಟ್ಟಿಗೆಯೊಳಗೆ ಬಂದು ಕೂತಿದೆ. ಅದು ವಿಷವಲ್ಲ. ತಕ್ಕವರಿಗೆ ತಕ್ಕ ಪ್ರಮಾಣದಲ್ಲಿ ವೈದ್ಯರೇ ಬರೆದುಕೊಡುತ್ತಾರೆ. ನಿಶಾ ತಕ್ಕವಳಲ್ಲ, ಅಷ್ಟೇ.

ವೈದ್ಯರು ಬಿಡಿಸಿ ಹೇಳಿದ್ದನ್ನು ಅವಳೇ ಬಂದು ನನಗೆ ಬಿಳಿಹಲಗೆಯ ಮೇಲೆ ಬರೆದು ತೋರಿಸಿದಳು. ಹೆದರಿದಾಗ ದೇಹದಲ್ಲಿ ಅಡ್ರಿನಲಿನ್ ಏರುತ್ತದೆ. ಕೈಯ ಸ್ನಾಯುವಿನಲ್ಲಿ ಅದು ಹಿಡಿಯುವ ಕೊಂಡಿಗೆ ಬೀಟಾ-2 ಎಂದು ಹೆಸರು, ಹಿಡಿದರೆ ನಡುಕ. ಶ್ವಾಸನಾಳದಲ್ಲಿಯೂ ಅದೇ ಕೊಂಡಿಗಳಿವೆ, ಅಲ್ಲಿ ಹಿಡಿದರೆ ನಾಳ ಹಿಗ್ಗುತ್ತದೆ. ನೀಲಿ ಇನ್ಹೇಲರ್‌ನಲ್ಲಿರುವ ಸಾಲ್ಬುಟಮಾಲ್ ಉಬ್ಬಸ ಕಳೆಯುವುದು ಆ ಕೊಂಡಿಯನ್ನು ಹಿಡಿದೇ. ಆದರೆ ಅದರ ಸ್ವಲ್ಪ ಭಾಗ ರಕ್ತಕ್ಕೂ ಸೇರಿ ಕೈಗೂ ಮುಟ್ಟುತ್ತದೆ. ಕೈ ನಡುಗುವುದು ಆ ಔಷಧಿಯ ಚಿರಪರಿಚಿತ ಅಡ್ಡಪರಿಣಾಮ. ಪ್ರೊಪ್ರನಲಾಲ್ ಅದೇ ಕೊಂಡಿಯನ್ನು ಮುಚ್ಚುತ್ತದೆ: ನಡುಕ ನಿಲ್ಲುತ್ತದೆ, ಶ್ವಾಸನಾಳವೂ ಕುಗ್ಗಬಹುದು, ಆಗ ಇನ್ಹೇಲರ್ ಕೂಡ ಸರಿಯಾಗಿ ಕೆಲಸ ಮಾಡದು.

ಅಂದರೆ ಪರದೆಯ ಪಕ್ಕ ನಿಂತು ಅವಳು ಮಾಡುತ್ತಿದ್ದದ್ದು ಇದು. ಭಯದಿಂದ ಎದೆ ಬಿಗಿದಾಗ ಆಸ್ತಮಾ ಎಂದುಕೊಂಡು ಇನ್ಹೇಲರ್ ಸೇದುವುದು. ಅದರಿಂದ ಕೈ ನಡುಗುವುದು. ನಡುಕಕ್ಕೆ ಮಾತ್ರೆ ನುಂಗುವುದು. ಮಾತ್ರೆಯಿಂದ ಎದೆ ಮತ್ತೆ ಬಿಗಿಯುವ ಸಂಭವ. ಹಲಗೆಯ ಮೇಲೆ ಬಾಣದ ಗುರುತುಗಳು ಸುತ್ತಿ ಬಂದು ಹೊರಟಲ್ಲಿಗೇ ಸೇರಿದಾಗ ಅವಳು ಲೇಖನಿ ಕೆಳಗಿಟ್ಟು, “ಆರು ಗಂಟೆ ಅಭ್ಯಾಸ ಮಾಡಿದೆನಲ್ಲ ಮೇಡಂ” ಎಂದಳು. ಎರಡು ತಿಂಗಳಲ್ಲಿ ಅವಳು ಅತ್ತದ್ದು ಅದೊಂದೇ ಸಲ.

ವೈದ್ಯರು ದಿನನಿತ್ಯದ ಇನ್ಹೇಲರ್ ಮತ್ತೆ ಶುರು ಮಾಡಿಸಿದರು. ಜೋರಾಗಿ ಊದಿದರೆ ಉಸಿರಿನ ರಭಸವನ್ನು ಅಂಕಿಯಲ್ಲಿ ತೋರಿಸುವ ಪೀಕ್ ಫ್ಲೋ ಮೀಟರ್ ಎಂಬ ಪುಟ್ಟ ಕೊಳವೆ ಕೊಟ್ಟು, ಬೆಳಿಗ್ಗೆ ಸಂಜೆ ಅಂಕಿ ಬರೆದಿಡಲು ಹೇಳಿದರು. ವೇದಿಕೆಗೆ ಮುಂಚೆಯೂ ಊದಿ ನೋಡಬೇಕು. ಅಂಕಿ ವೈದ್ಯರು ಗುರುತು ಹಾಕಿಕೊಟ್ಟ ಮಟ್ಟಕ್ಕಿಂತ ಇಳಿದಿದ್ದರೆ ಅಥವಾ ಉಬ್ಬಸದ ಸದ್ದು ಬಂದರೆ ನೀಲಿ ಇನ್ಹೇಲರ್, ಹಿಂದೆಮುಂದೆ ನೋಡದೆ. ಅಂಕಿ ಮಾಮೂಲಾಗಿದ್ದರೆ ಅದು ಭಯದ ಉಸಿರು, ಅದನ್ನು ಬೇರೆ ರೀತಿ ನೋಡಿಕೊಳ್ಳೋಣ. ಈ ಮಾತನ್ನು ನಾನು ಹೇಳುವಂತಿರಲಿಲ್ಲ, ವೈದ್ಯರು ಅವಳನ್ನು ಪರೀಕ್ಷಿಸಿ ಹೇಳಿದ್ದು. ಇದನ್ನು ಓದುವ ಆಸ್ತಮಾದವರು ತಮ್ಮ ಇನ್ಹೇಲರ್ ಕೆಳಗಿಡಬಾರದು. ಮುಂದಿನ ವಾರದ ಪ್ರದರ್ಶನದ ದಿನ, ಉಸಿರೇ ಕಟ್ಟುತ್ತಿದೆ ಅನ್ನಿಸಿದ ಗಳಿಗೆಯಲ್ಲಿ ಊದಿದ ಅಂಕಿ ಅಂದು ಬೆಳಿಗ್ಗೆಯದೇ ಆಗಿತ್ತು.

ಇನ್ನು ನನ್ನ ಪಾಲಿನ ಸಲಹೆ. ನಾನು ಅವಳಿಗೆ ಒಂದು ಲೆಕ್ಕ ಕೇಳಿದೆ: ಕಳೆದ ತಿಂಗಳು ನುಡಿಸಿದ್ದು ಎಷ್ಟು ಗಂಟೆ? ನೂರೈವತ್ತರ ಮೇಲೆ. ಅದರಲ್ಲಿ ಯಾರಾದರೂ ನೋಡುತ್ತಿರುವಾಗ? ಗುರುಗಳ ಪಾಠ ಬಿಟ್ಟರೆ ಇಪ್ಪತ್ತು ನಿಮಿಷ. ಕಲಾಶಾಲೆಗಳ ವಿಚಿತ್ರವಿದು. ನುಡಿಸುವುದನ್ನು ಕಲಿಸುತ್ತೇವೆ, ಹತ್ತಿ ನಿಂತು ನುಡಿಸುವುದನ್ನು ಪರೀಕ್ಷಿಸುತ್ತೇವೆ. ಅಭ್ಯಾಸದ ಕೋಣೆಯ ಬಾಗಿಲು ಮುಚ್ಚಿ ಇನ್ನೂ ನೂರು ಗಂಟೆ ನುಡಿಸಿದರೂ ಅವಳು ಪಕ್ವವಾಗುತ್ತಿದ್ದದ್ದು ಮುಚ್ಚಿದ ಬಾಗಿಲಿಗೇ. ಆದ್ದರಿಂದ ಅಭ್ಯಾಸವನ್ನು ನಾಲ್ಕು ಗಂಟೆಗೆ ಇಳಿಸಿ, ಉಳಿದ ಹೊತ್ತಿನಲ್ಲಿ ಯಾರ ಮುಂದಾದರೂ ಒಂದೇ ಒಂದು ಸಾಲು, ಆ ಮೊದಲ ನಿಧಾನದ ಸಾಲು, ನುಡಿಸಲು ಹೇಳಿದೆ. ಮೊದಲು ಕೋಣೆಯ ಗೆಳತಿ, ಆಮೇಲೆ ಇಬ್ಬರು, ಆಮೇಲೆ ಮೊಬೈಲ್‌ನಲ್ಲಿ ಚಿತ್ರೀಕರಣ. ಮೂರು ಮಹಡಿ ಮೆಟ್ಟಿಲು ಹತ್ತಿ, ಎದೆ ಹೊಡೆದುಕೊಳ್ಳುತ್ತಿರುವಾಗಲೇ ಕಮಾನು ಎಳೆಯುವುದು ವೈದ್ಯರ ಒಪ್ಪಿಗೆ ಪಡೆದು ಸೇರಿಸಿದ್ದು. ಹೊಡೆದುಕೊಳ್ಳುವ ಎದೆಯ ಜೊತೆಗೂ ನುಡಿಸಬಹುದು ಎಂದು ಕೈಗೆ ಗೊತ್ತಾಗಬೇಕಿತ್ತು.

ಎಲ್ಲಕ್ಕಿಂತ ಫಲ ಕೊಟ್ಟದ್ದು ಚಿತ್ರಕಲಾ ವಿಭಾಗ. ಅವರ ಶೀಘ್ರರೇಖೆ ತರಗತಿಗೆ ಚಲಿಸುವ ರೂಪದರ್ಶಿ ಬೇಕಾಗಿತ್ತು. ನಿಶಾ ನಲವತ್ತು ನಿಮಿಷ ನುಡಿಸುತ್ತ ನಿಂತಳು, ಹದಿನಾಲ್ಕು ಮಂದಿ ಇದ್ದಿಲು ಹಿಡಿದು ಅವಳನ್ನೇ ದಿಟ್ಟಿಸಿದರು. ಯಾರೂ ತಪ್ಪು ಸ್ವರ ಹುಡುಕುತ್ತಿರಲಿಲ್ಲ, ಹುಡುಕುತ್ತಿದ್ದದ್ದು ಮೊಣಕೈಯ ಕೋನ. ಕೊನೆಗೆ ಗೋಡೆಗೆ ಅಂಟಿಸಿದ ಹಾಳೆಗಳಲ್ಲಿ ಒಂದರ ಮುಂದೆ ಅವಳು ನಿಂತುಬಿಟ್ಟಳು. ಅದರಲ್ಲಿ ಕಮಾನು ಏಳೆಂಟು ಗೆರೆಗಳಾಗಿ, ಒಂದರ ಮೇಲೊಂದು ಅದುರಿದಂತಿತ್ತು. “ನಡುಗುತ್ತಿದ್ದದ್ದು ಕಂಡಿತೇ?” ಎಂದು ಬರೆದವನನ್ನು ಕೇಳಿದಳು. ಅವನು ಮುಜುಗರದಿಂದ, “ಇಲ್ಲ, ನನಗೇ ಗೆರೆ ಸರಿಯಾಗಿ ಸಿಗಲಿಲ್ಲ. ಏಳು ಸಲ ತಿದ್ದಿದೆ” ಎಂದ.

ಭಯಕ್ಕೆ ಹೆಸರು ಬದಲಿಸುವ ಉಪಾಯವನ್ನೂ ಕೊಟ್ಟಿದ್ದೆ. 2014ರಲ್ಲಿ ಪ್ರಕಟವಾದ ಆಲಿಸನ್ ವುಡ್ ಬ್ರೂಕ್ಸ್ ಅವರ ಅಧ್ಯಯನದಲ್ಲಿ, ಹಾಡುವ ಮುನ್ನ ತಮಗೆ ಉತ್ಸಾಹವಾಗುತ್ತಿದೆ ಎಂದು ಹೇಳಿಕೊಂಡವರು, ಆತಂಕವಾಗುತ್ತಿದೆ ಎಂದವರಿಗಿಂತ ಚೆನ್ನಾಗಿ ಹಾಡಿದ್ದರು. ನಿಶಾ ಎರಡು ದಿನ ಮಾಡಿ, “ನನಗೆ ನಾನೇ ಸುಳ್ಳು ಹೇಳಿದಂತಾಗುತ್ತದೆ” ಎಂದು ಬಿಟ್ಟಳು. ಬಿಡಲಿ. ನನ್ನ ಸಲಹೆಗಳಲ್ಲಿ ಅರ್ಧದಷ್ಟು ಉಳಿದರೂ ಹೆಚ್ಚು.

ಗುರುಗಳ ಜೊತೆ ಮಾತನಾಡಿದ್ದು ಅವಳೇ. ಏನು ಹೇಳಬೇಕೆಂದು ನನ್ನ ಕೋಣೆಯಲ್ಲಿ ಎರಡು ಸಲ ತಾಲೀಮು ನಡೆಸಿದೆವು. ಔಷಧಿಯ ವಿಷಯ ಹೇಳುವುದು ಬಿಡುವುದು ಅವಳ ಇಷ್ಟಕ್ಕೆ ಬಿಟ್ಟದ್ದು, ಅವಳು ಆಸ್ತಮಾ ಮಾತ್ರ ಹೇಳಿದಳು. ಕೃತಿಯನ್ನು ಬದಲಿಸಲು ಅವರು ಒಪ್ಪಲಿಲ್ಲ. ಆದರೆ ಪರೀಕ್ಷೆಗೆ ಮುನ್ನ ಎರಡು ಸಲ ಅದೇ ಸಭಾಂಗಣದಲ್ಲಿ, ಅದೇ ದೀಪಗಳ ಕೆಳಗೆ, ತಾವೇ ಮೂರನೆಯ ಸಾಲಿನಲ್ಲಿ ಕುಳಿತು ನುಡಿಸಿಕೊಂಡರು. ಅಷ್ಟನ್ನು ನಾನು ಅವರಿಂದ ನಿರೀಕ್ಷಿಸಿರಲಿಲ್ಲ.

ಪರೀಕ್ಷೆಯ ದಿನ ಮೊದಲ ಸ್ವರದಲ್ಲಿ ಕಮಾನು ಅದುರಿತು. ಎರಡನೆಯದರಲ್ಲೂ. ಸಾಲಿನ ಕೊನೆಗೆ ಬರುವಷ್ಟರಲ್ಲಿ ಕೂತಿತು. ಅಂಕಗಳು ಸಾಧಾರಣ. ಅವಳು ಫಲಿತಾಂಶ ಹೇಳಲು ಬಂದಾಗ ಪೆಟ್ಟಿಗೆ ಹೆಗಲ ಮೇಲಿತ್ತು, ಆ ಇದ್ದಿಲಿನ ಹಾಳೆಯನ್ನು ಮುಚ್ಚಳದ ಒಳಬದಿಗೆ ಮಡಚಿ ಸಿಕ್ಕಿಸಿದ್ದಳು.

ಅದಾಗಿ ಹತ್ತು ದಿನಕ್ಕೆ, ಸಂಜೆ ಕೋಣೆಗೆ ಬೀಗ ಹಾಕುತ್ತಿರುವಾಗ, ಕ್ಲಾರಿನೆಟ್ ಹಿಡಿದ ಹುಡುಗನೊಬ್ಬ ಬಂದು ನಿಂತ. “ನಿಶಾ ಕಳುಹಿಸಿದಳು ಮೇಡಂ” ಎಂದು ಜೇಬಿಗೆ ಕೈ ಹಾಕಿ ಒಂದು ಮಾತ್ರೆಯ ಪಟ್ಟಿ ತೆಗೆದ. “ಅವಳಿಗೆ ಕೊಟ್ಟವನು ನಾನೇ. ನನಗೂ ಯಾರೂ ಬರೆದುಕೊಟ್ಟದ್ದಲ್ಲ.”

ಬೀಗ ತೆಗೆದೆ.